ಚಿತ್ರಪಟದಲ್ಲಿ ಇಲ್ಲದ ಜಾಗ

ಹಡರ್ಸ್‌ಫೀಲ್ಡ್
12 ಮಾರ್ಚ್ 2024

ನನ್ನ ನೀಲವ್ವಾ,

ಗುಳೇದಗುಡ್ಡದ ನಿನ್ನ ಮನೆಗೆ ನಿನ್ನ ಅಕ್ಕ ಸಿದ್ದವ್ವನ ಶರಣು. ದಿನಾ ಫೋನಿನಲ್ಲಿ ಮುಖ ನೋಡುವವಳು ಇದ್ದಕ್ಕಿದ್ದಂತೆ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲಾದರೆ ನಿನ್ನ ಹಿಂದೆ ನಿನ್ನ ಸೊಸೆ ಇರುತ್ತಾಳೆ, ನನ್ನ ಹಿಂದೆ ನನ್ನ ಮಗ ವಿರೂಪಾಕ್ಷ ಇರುತ್ತಾನೆ. ಕಾಗದದ ಹಿಂದೆ ಯಾರೂ ಇರುವುದಿಲ್ಲ. ಇದನ್ನು ಮಗ್ಗದ ಮನೆಯಲ್ಲಿ ಓದಬೇಡ, ಹಿತ್ತಲಿಗೆ ಹೋಗಿ ಓದು. ನಿನ್ನ ಮೊಣಕಾಲು ಹೇಗಿದೆ? ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಗುವ ಸುದ್ದಿ. ನಾನು ಇಂಗ್ಲಿಷ್ ಕಲಿಯುತ್ತಿದ್ದೇನೆ! ಅರವತ್ತಕ್ಕೆ ಅರಳುಮರಳು ಎಂದು ಆಡಿಕೊಳ್ಳಬೇಡ, ನನಗೀಗ ಅರವತ್ತೇಳು. ಗುರುವಾರ ಗುರುವಾರ ಲೈಬ್ರರಿಯ ಮೇಲಿನ ಕೋಣೆಯಲ್ಲಿ ಪುಕ್ಕಟೆ ಪಾಠ. ಎಂಟು ಹೆಂಗಸರಿದ್ದೇವೆ. ಕಲಿಸುವವಳು ಜ್ಯಾನೆಟ್, ನಮ್ಮ ವಯಸ್ಸಿನವಳೇ, ಮೊದಲು ಸಣ್ಣ ಮಕ್ಕಳ ಶಾಲೆಯಲ್ಲಿದ್ದವಳು. ನನ್ನ ಪಕ್ಕ ಪಾಕಿಸ್ತಾನದ ಮೀರ್‌ಪುರದ ನಸ್ರೀನ್ ಕೂರುತ್ತಾಳೆ. ಅವಳ ಮಾತು ನನಗೆ ಅರ್ಧ ತಿಳಿಯುತ್ತದೆ, ನನ್ನ ಹಿಂದಿ ಅವಳಿಗೆ ಕಾಲುಭಾಗ. ಉಳಿದದ್ದಕ್ಕೆ ಕೈಗಳಿವೆ.

ಪಾಠಕ್ಕೆ ಹೋಗುತ್ತೇನೆ ಎಂದಾಗ ವಿರೂಪಾಕ್ಷನಿಗೆ ಬೇಜಾರೇ ಆಯಿತು. "ಯಾಕವ್ವಾ, ನಾ ಇಲ್ಲೇನು? ಏನ ಹೇಳೂದಿದ್ರೂ ನಾ ಹೇಳ್ತೀನಲ್ಲ," ಅಂದ. ಒಳ್ಳೆಯ ಮಗ. ಎಂಟು ವರ್ಷದ ಹಿಂದೆ, ಮೊಮ್ಮಗಳು ಮೇಧಾ ಹುಟ್ಟಿದಾಗ ನಾನು ಈ ಇಂಗ್ಲಿಷರ ದೇಶಕ್ಕೆ ಬಂದೆನಲ್ಲ, ಅಂದಿನಿಂದ ಅಂಗಡಿಯಲ್ಲಿ, ಬಸ್ಸಿನಲ್ಲಿ, ಜಿಪಿ ಅನ್ನುವ ಇಲ್ಲಿನ ಓಣಿ ಡಾಕ್ಟರ ಹತ್ತಿರ, ಎಲ್ಲ ಕಡೆ ಅವನೇ ನನ್ನ ನಾಲಿಗೆ.

ಕಲಿಯಲು ಕುಳಿತ ಮೇಲೆ ನನಗೊಂದು ಹುಚ್ಚು ಹಿಡಿದಿದೆ. ಕಂಡದ್ದಕ್ಕೆಲ್ಲ ಯಾಕೆ, ಯಾಕೆ ಎಂದು ಕೇಳುತ್ತೇನೆ. ನನ್ನ ಮಾತಿನಲ್ಲಿ ಮೇಧಾ ತಪ್ಪು ಹಿಡಿಯುತ್ತಾಳೆ. ಯಾಕೆ ತಪ್ಪು ಅಂದರೆ, ಕೇಳಿದರೇ ಗೊತ್ತಾಗುತ್ತದಲ್ಲ ಅಜ್ಜಿ ಎಂದು ಇಂಗ್ಲಿಷಿನಲ್ಲೇ ಹೇಳಿ ಓಡುತ್ತಾಳೆ. ಅವಳಿಗೆ ಯಾರು ಕಲಿಸಿದರು? ಯಾರೂ ಇಲ್ಲ. ಹಾಗೆ ನೋಡಿದರೆ ನಮಗಾದರೂ ಕನ್ನಡ ಯಾರು ಕಲಿಸಿದರು? ಮಾಸ್ತರರು ಬೆತ್ತ ಹಿಡಿದು ವಿಭಕ್ತಿ ಹೇಳಿಸುವ ಮೊದಲೇ ನಾವು ಜಗಳವಾಡುವುದನ್ನು ಕಲಿತಾಗಿತ್ತು. ಮಗುವಿಗೆ ಭಾಷೆ ತಾನಾಗಿ ಬರುತ್ತದೆ. ನಮ್ಮಂಥವರು ಒಂದೊಂದೇ ಮಾತನ್ನು ಹೊತ್ತು ತರಬೇಕು.

ಇನ್ನೊಂದು ವಿಚಿತ್ರ ಕೇಳು. ನಾವು ಊರು, ಕೇರಿ, ಬಳಗವನ್ನೆಲ್ಲ ಸುತ್ತಿ ಬಂದು ಮಾತಿನ ಕೊನೆಗೆ ಆದದ್ದೇನು ಎಂದು ಹೇಳುತ್ತೇವೆ. ಹೇಳಲು ಮನಸ್ಸಿಲ್ಲದಿದ್ದರೆ ಅಲ್ಲಿಯವರೆಗೆ ಬಂದು ನುಂಗಿಬಿಡಬಹುದು. ಇವರ ಇಂಗ್ಲಿಷಿನಲ್ಲಿ ಹಾಗಿಲ್ಲ. ಯಾರು ಎಂದೊಡನೆ ಏನಾಯಿತು ಎಂದೂ ಹೇಳಬೇಕು. ತಪ್ಪಿಸಿಕೊಳ್ಳಲು ಜಾಗವೇ ಇಲ್ಲ, ನೋಡು.

ಈಗ ನಾನು ನುಂಗಿದ್ದನ್ನು ಹೇಳುತ್ತೇನೆ. ಎರಡು ವರ್ಷದಿಂದ ನನಗೆ ಮೊಣಕಾಲು ನೋವು ಎಂದು ನಿನಗೆ ಹೇಳುತ್ತಿದ್ದೆನಲ್ಲ, ಅದು ಸುಳ್ಳು. ನನ್ನ ಮೊಣಕಾಲು ಕಲ್ಲಿನಂತಿದೆ. ತೊಂದರೆ ಇದ್ದದ್ದು ಬೇರೆ ಕಡೆ, ಹೆಂಗಸರು ಬಾಯಿಬಿಡದ ಕಡೆ. ಕೆಮ್ಮಿದರೆ, ಭಾರ ಎತ್ತಿದರೆ ಏನೋ ಕೆಳಗೆ ಇಳಿದು ಬರುತ್ತಿತ್ತು. ನೆಟ್ಟಗೆ ಕೂರಲು ಆಗುತ್ತಿರಲಿಲ್ಲ. ಜಿಪಿ ಹತ್ತಿರ ಹೋದಾಗ ಡಾಕ್ಟರು ಕೇಳುತ್ತಿದ್ದರು, ವಿರೂಪಾಕ್ಷ ನನ್ನ ಕಡೆ ತಿರುಗಿ ಏನಾಗ್ತದವ್ವಾ ಅನ್ನುತ್ತಿದ್ದ. ನಾನೇ ಹೆತ್ತ ಮಗ. ಅವನ ಮುಖ ನೋಡಿ ಮೊಣಕಾಲು ಅನ್ನುತ್ತಿದ್ದೆ. ನಾಲ್ಕು ಸಲ ಹೋಗಿ ನಾಲ್ಕು ಸಲವೂ ಅದನ್ನೇ ಹೇಳಿದೆ. ಗುಳಿಗೆ ಕೊಟ್ಟರು, ಮುಲಾಮು ಕೊಟ್ಟರು, ಎಕ್ಸ್‌ರೇ ತೆಗೆಸಿದರು. ಮಗ ದಿನಾ ಸಂಜೆ ಕಾಲ ಬಳಿ ಕೂತು ಮುಲಾಮು ತಿಕ್ಕುತ್ತಿದ್ದ, ನನಗೆ ಅಳು ಬರುತ್ತಿತ್ತು. ಬಹಳ ನೋವೇನವ್ವಾ ಎಂದು ಇನ್ನೂ ಮೆಲ್ಲಗೆ ತಿಕ್ಕುತ್ತಿದ್ದ. ಸೊಸೆ ಅರ್ಪಿತಾಗೆ ಹೇಳಬಹುದಿತ್ತು, ಒಳ್ಳೆಯ ಹುಡುಗಿ. ಆದರೆ ಗಂಡನಿಂದ ಅವಳು ಏನನ್ನೂ ಮುಚ್ಚಿಡುವವಳಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಅವ್ವ ಹೇಳುತ್ತಿದ್ದಳಲ್ಲ. ಈ ಊರಲ್ಲಿ ಮಾತು ಬಲ್ಲವನಿಗೇ ಔಷಧ ಎಂದು ತಿಳಿದು ಪಾಠಕ್ಕೆ ಸೇರಿದೆ.

ಜನವರಿಯಲ್ಲಿ ಜ್ಯಾನೆಟ್ ಮನುಷ್ಯನ ದೇಹದ ದೊಡ್ಡ ಚಿತ್ರಪಟ ತಂದು ಗೋಡೆಗೆ ಹಚ್ಚಿದಳು. ಇದಕ್ಕಾಗಿಯೇ ಕಾದಿದ್ದೆ. ತಲೆ, ಭುಜ, ಹೊಟ್ಟೆ ಎಂದು ಹೇಳಿಸಿದಳು. ಹೊಟ್ಟೆಯಾದ ಮೇಲೆ ನೇರವಾಗಿ ಮೊಣಕಾಲು! ನಡುವೆ ಬರೀ ನೀಲಿ ಚಡ್ಡಿ. ಎಲ್ಲರೂ ಹೋಗುವವರೆಗೆ ಕೋಟಿನ ಗುಂಡಿ ಹಾಕುವ ನೆಪ ಮಾಡಿ ನಿಂತೆ. ಆಮೇಲೆ ಆ ಜಾಗದ ಮೇಲೆ ಬೆರಳಿಟ್ಟು, ಇಲ್ಲಿ ಏನು ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಕಿವಿಯವರೆಗೂ ಬಿಸಿಯಾಗಿತ್ತು. ಜ್ಯಾನೆಟ್ ನನ್ನ ಮುಖ ನೋಡಿದಳು, ಬಾಗಿಲು ಹಾಕಿ ಬಂದಳು. ಪೆನ್ಸಿಲ್ ತೆಗೆದುಕೊಂಡು ಆ ಚಡ್ಡಿಯ ಮೇಲೆ ಒಂದು ಪೇರಲಹಣ್ಣಿನಂಥದ್ದನ್ನು ಬರೆದಳು, ಪಕ್ಕದಲ್ಲಿ ಅದರ ಹೆಸರು. ವೂಮ್. ಕೊನೆಗೆ ಇನ್ನೊಂದು ಅಕ್ಷರವಿದೆ, ಬರೆಯಬೇಕು, ಹೇಳಬಾರದಂತೆ. ನಾನು ಕೈಯನ್ನು ಮೇಲಿನಿಂದ ಕೆಳಕ್ಕೆ ಇಳಿಸಿ ತೋರಿಸಿದೆ. ಅವಳಿಗೆ ತಿಳಿಯಿತು. ನನ್ನ ತಾಯಿಗೂ ಇತ್ತು ಅಂದಳು, ಇಡೀ ವಾಕ್ಯವನ್ನು ಚೀಟಿಯಲ್ಲಿ ಬರೆದುಕೊಟ್ಟಳು.

ಮೂರು ವಾರ ರೊಟ್ಟಿ ಬಡಿಯುತ್ತ ಬಾಯಿಪಾಠ ಮಾಡಿದೆ. ಮೈ ವೂಮ್ ಹ್ಯಾಸ್ ಕಮ್ ಡೌನ್. ಮೇಧಾ ಕೊನೆಯ ಮಾತು ಕೇಳಿಸಿಕೊಂಡು ಏನು ಇಳಿಯಿತು ಅಂದಳು. ಬೆಳ್ಳುಳ್ಳಿ ಬೆಲೆ ಅಂದೆ.

ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋದ ದಿನ ಒಬ್ಬಳೇ ಹೋದೆ. ಈ ಸಲ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ನಾನು ಒಂಟಿಯಾಗಿ ಬಂದದ್ದು ನೋಡಿ, ನಾನು ಬಾಯಿ ತೆರೆಯುವ ಮೊದಲೇ ಫೋನು ಹಚ್ಚಿ ಮೇಜಿನ ಮೇಲಿಟ್ಟಳು. ಅದರೊಳಗಿಂದ ಬೆಂಗಳೂರು ಕಡೆಯ ಹುಡುಗಿಯ ದನಿ ಬಂತು. "ನಮಸ್ಕಾರ ಅಮ್ಮಾ, ಹೇಳಿ, ಏನ್ ತೊಂದ್ರೆ?"

ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುವವರನ್ನು ಇವರೇ ಕೊಡುತ್ತಾರಂತೆ ನೀಲವ್ವಾ! ನಾನು ಮೊಣಕಾಲು ಅನ್ನುತ್ತಿದ್ದ ಎರಡು ವರ್ಷವೂ ಆ ಸೌಕರ್ಯ ಇತ್ತು. ನಾನಿದ್ದೇನೆ, ಬೇಡ ಎಂದು ವಿರೂಪಾಕ್ಷನೇ ಹೇಳಿಬಿಟ್ಟಿದ್ದನಂತೆ, ಪಾಪ, ಪ್ರೀತಿಯಿಂದಲೇ.

ಸರಿ, ಈಗ ಕನ್ನಡದಲ್ಲೇ ಹೇಳಬಹುದಲ್ಲ? ಹೇಳಲಾಗಲಿಲ್ಲ. ಬಾಯಿಗೆ ಬೀಗ ಬಿತ್ತು. ಅಂಥ ಮಾತಾಡಿದರೆ ತೊಡೆ ಚಿವುಟುತ್ತಿದ್ದ ಅವ್ವ ಕನ್ನಡದಲ್ಲೇ ಇದ್ದಾಳೆ. ಅತ್ತೆ, ಓಣಿಯವರು, ಎಲ್ಲರೂ ಕನ್ನಡದಲ್ಲೇ ಇದ್ದಾರೆ. ಮತ್ತೆ "ಮೊಣ..." ಎನ್ನುವವರೆಗೆ ಬಂದುಬಿಟ್ಟಿದ್ದೆ. ಇಂಗ್ಲಿಷಿನಲ್ಲಿ ನನ್ನನ್ನು ಯಾರೂ ಚಿವುಟಿಲ್ಲ. ಕಣ್ಣು ಮುಚ್ಚಿ ಜ್ಯಾನೆಟ್ ಕೊಟ್ಟ ವಾಕ್ಯವನ್ನು ಡಾಕ್ಟರಿಗೆ ಹೇಳಿದೆ.

ಫೋನಿನ ಹುಡುಗಿ ಅದನ್ನೇ ಕನ್ನಡದಲ್ಲಿ ನನಗೆ ತಿರುಗಿ ಕೇಳಿದಳು. "ನಿಮ್ಮ ಗರ್ಭಕೋಶ ಕೆಳಗೆ ಜಾರಿದೆ ಅಂತಿದ್ದೀರಾ ಅಮ್ಮಾ?" ಸಂತೆಯಲ್ಲಿ ಕಾಯಿಪಲ್ಲೆ ದರ ಕೇಳಿದಷ್ಟು ಸಲೀಸಾಗಿ ಕೇಳಿದಳು. ಆ ಮಾತನ್ನು ನಮ್ಮ ಭಾಷೆಯಲ್ಲಿ ಒಬ್ಬರು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸೂರು ಮುರಿದು ಬೀಳಲಿಲ್ಲ. ಹೂಂ ಅಂದೆ, ಅತ್ತುಬಿಟ್ಟೆ.

ಹತ್ತು ದಿನದಲ್ಲಿ ನರ್ಸ್ ಒಂದು ಮೆತ್ತನೆಯ ರಬ್ಬರಿನ ಬಳೆ ಒಳಗೆ ಇಟ್ಟಳು, ಅದು ಎತ್ತಿ ಹಿಡಿಯುತ್ತದೆ. ಆಪರೇಷನ್ ಸದ್ಯಕ್ಕೆ ಬೇಡವಂತೆ. ಕಳೆದ ಗುರುವಾರ ಪಾಠದಲ್ಲಿ ಎರಡು ತಾಸು ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದೆ. ಮೊಣಕಾಲು ವಾಸಿಯಾಯಿತು ಎಂದು ವಿರೂಪಾಕ್ಷನಿಗೆ ಹೇಳಿದ್ದೇನೆ. ತನ್ನ ಮುಲಾಮಿನಿಂದಲೇ ಎಂದು ಅವನಿಗೆ ಹಿಗ್ಗು. ಇರಲಿ ಬಿಡು.

ಪಾಠ ಬಿಡುವುದಿಲ್ಲ. ಇನ್ನೂ ಕೇಳುವ ಯಾಕೆಗಳು ಬಹಳ ಇವೆ.

ನಿನ್ನ ಸುಳ್ಳುಗಾತಿ ಅಕ್ಕ,
ಸಿದ್ದವ್ವ

ತಾ.ಕ.: ನಿನ್ನ ಮೊಣಕಾಲಿಗೆ ಬರುತ್ತೇನೆ ಅಂದಿದ್ದೆ. ಮೊಣಕಾಲು ನೋವೆಂದು ಆರು ತಿಂಗಳಿಂದ ನೀನು ಮಗ್ಗಕ್ಕೆ ಕೂರುತ್ತಿಲ್ಲ ಎಂದು ನಿನ್ನ ಸೊಸೆ ಹೇಳಿದಳು. ಅವಳು ಕಳಿಸಿದ ನಿಮ್ಮ ಓಣಿಯ ಮದುವೆಯ ವಿಡಿಯೋದಲ್ಲಿ ಎಲ್ಲರೂ ಕೂತಿದ್ದಾರೆ, ನೀನೊಬ್ಬಳೇ ಕಂಬಕ್ಕೆ ಒರಗಿ ನಿಂತಿದ್ದೀಯ. ಅವ್ವನೂ ಸಾಯುವವರೆಗೆ ಮೊಣಕಾಲು ನೋವು ಅನ್ನುತ್ತಿದ್ದಳು, ಮಾಳಿಗೆಯ ಮೆಟ್ಟಿಲನ್ನು ಮಾತ್ರ ಹುಡುಗಿಯಂತೆ ಹತ್ತುತ್ತಿದ್ದಳು. ಬಾಗಲಕೋಟೆಯಲ್ಲಿ ಹೆಣ್ಣುಮಕ್ಕಳ ಡಾಕ್ಟರಮ್ಮ ಇದ್ದಾರೆ, ಹೋಗು. ನಿನಗೆ ಹೇಳಲು ಇಂಗ್ಲಿಷ್ ಇಲ್ಲ, ಅದಕ್ಕೇ ನಾನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಬಾಯಿಂದ ಬರದಿದ್ದರೆ ಕೆಳಗಿನ ಸಾಲನ್ನು ಹರಿದು ಅವರ ಕೈಗೆ ಕೊಡು.

ನನ್ನ ಗರ್ಭಕೋಶ ಜಾರಿದೆ. ಮೊಣಕಾಲಿಗೆ ಏನೂ ಆಗಿಲ್ಲ.