ನಲವತ್ತು ನಿಮಿಷ

ಗದಗ
ಫೆಬ್ರವರಿ ೩೦, ೨೧೬೪

ಕಂದು ಬಣ್ಣದ ಪರ್ಸಿನ ಒಡತಿಯವರಿಗೆ, ನಿವೃತ್ತ ಶಿಕ್ಷಕಿ ನೀಲಗಂಗಾ ಹೊಂಬಳ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ಕೈತಪ್ಪಿನಿಂದ ಬಂದದ್ದಲ್ಲ. ನಮ್ಮ ಪಂಚಾಂಗದಲ್ಲಿ ಫೆಬ್ರವರಿಗೆ ಮೂವತ್ತು ದಿನಗಳಿವೆ. ತಿಂಗಳುಗಳ ಏರುಪೇರನ್ನು ತಿದ್ದಿ ಅರವತ್ತು ವರ್ಷಗಳಾದವು. ನನ್ನ ಕೆಲವು ಪದಗಳೂ ನಿಮಗೆ ಹೊಸದಾಗಿ ಕಾಣಬಹುದು. ಅದಕ್ಕೆ ಕ್ಷಮೆ ಕೋರುತ್ತೇನೆ, ಆದರೆ ಪದಗಳನ್ನು ಬದಲಿಸುವುದಿಲ್ಲ. ಕನ್ನಡ ಶಾಲೆಯಲ್ಲಿ ಓದಿ, ಕನ್ನಡ ಶಾಲೆಯಲ್ಲೇ ಮೂವತ್ತನಾಲ್ಕು ವರ್ಷ ಪಾಠ ಹೇಳಿದವಳು ನಾನು. ತಿಳಿಯದ ಪದ ಎದುರಾದರೆ ನಿಲ್ಲದೆ ಮುಂದಿನ ಎರಡು ವಾಕ್ಯಗಳನ್ನು ಓದಬೇಕೆಂದು ಮಕ್ಕಳಿಗೆ ಹೇಳುತ್ತಿದ್ದೆ. ನಿಮಗೂ ಅದನ್ನೇ ಹೇಳುತ್ತೇನೆ. ಈ ಕಾಗದ ಹಿನ್ನಂಚೆಯಲ್ಲಿ ಬರುತ್ತಿದೆ. ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆಗೆ ಆ ಹೆಸರು. ಒಬ್ಬರಿಗೆ ಜೀವಮಾನದಲ್ಲಿ ಒಂದು ಕಾಗದಕ್ಕೆ ಮಾತ್ರ ಅವಕಾಶ. ಉತ್ತರ ಬರುವ ದಾರಿಯಿಲ್ಲ. ಯಾವ ದಿನ ತಲುಪುವುದೆಂಬ ಭರವಸೆಯೂ ಇಲ್ಲ. ನೀವು ಪರ್ಸು ಕಳೆದುಕೊಳ್ಳುವ ಮೊದಲೇ ತಲುಪಿದರೆ ನನ್ನ ಶ್ರಮ ಸಾರ್ಥಕ.

ಹಳೆಯ ಬಸ್ ನಿಲ್ದಾಣದ ಗೋಡೆಯನ್ನು ಕೆಡವಿದಾಗ, ಕಲ್ಲುಬೆಂಚಿನ ಹಿಂದಿನ ಸಂದಿಯಲ್ಲಿ ನಿಮ್ಮ ಪರ್ಸು ಸಿಕ್ಕಿತು. ಈಗ ಅದು ನಮ್ಮ ಶಾಲೆಯ ಗಾಜಿನ ಕಪಾಟಿನಲ್ಲಿದೆ. ಒಳಗೆ ಹೆಸರು ಅಳಿಸಿಹೋದ ಎರಡು ಬ್ಯಾಂಕ್ ಕಾರ್ಡುಗಳು, ಪಾಸ್‌ಪೋರ್ಟ್ ಅಳತೆಯ ಮೂರು ಫೋಟೋಗಳು, ಅಕ್ಷರ ಮಾಸಿದ ಬಸ್ ಟಿಕೀಟು, ಅರ್ಧ ಅಡಿಕೆ, ಮತ್ತು ಕಾರ್ಡಿನ ಬೆನ್ನಿಗೆ ಮಡಿಸಿಟ್ಟ ಒಂದು ಚೀಟಿ ಇದ್ದವು. ಚೀಟಿಯ ಮೇಲೆ ನೀಲಿ ಶಾಯಿಯಲ್ಲಿ ನಾಲ್ಕು ಅಂಕಿಗಳು. ಹಣ ತೆಗೆಯುವ ಯಂತ್ರಕ್ಕೆ ಹೇಳಬೇಕಾದ ಗುಟ್ಟಿನ ಅಂಕಿಗಳು ಅವೆಂದು ಚರಿತ್ರೆಯ ಶಿಕ್ಷಕರು ವಿವರಿಸಿದರು. ಬೀಗದ ಪಕ್ಕದಲ್ಲೇ ಕೀಲಿಯನ್ನು ನೇತುಹಾಕಿದ ಈ ಹೆಣ್ಣುಮಗಳಿಗೆ ಹತ್ತಕ್ಕೆ ಸೊನ್ನೆ ಎಂದು ನಾನು ಎಲ್ಲರೆದುರು ಹೇಳಿ ನಕ್ಕೆ. ಆಗ ನನ್ನ ಬಿಲ್ಲೆ ನನ್ನ ಸೊಂಟದಲ್ಲೇ ಇತ್ತು. ಆ ನಗುವಿಗಾಗಿ ಕ್ಷಮೆ ಕೇಳುವುದೂ ಈ ಕಾಗದದ ಒಂದು ಉದ್ದೇಶ.

ಬಿಲ್ಲೆ ಎಂದರೇನೆಂದು ಹೇಳಬೇಕು. ನಿಮ್ಮ ನಂತರ ಒಂದು ಕಾಲ ಬಂತು. ನಮ್ಮ ಪಠ್ಯಪುಸ್ತಕಗಳು ಅದನ್ನು ಮೈಗುರುತಿನ ಕಾಲ ಎನ್ನುತ್ತವೆ. ಆಗ ಜನ ತಮ್ಮ ಹಣವನ್ನೂ ಮನೆಯ ಬಾಗಿಲನ್ನೂ ಬೆರಳು, ಕಣ್ಣು, ಮುಖಗಳಿಗೇ ಕಟ್ಟಿಬಿಟ್ಟರು. ಇನ್ನು ಮುಂದೆ ಕಳೆದುಕೊಳ್ಳಲು ಏನೂ ಉಳಿದಿಲ್ಲವೆಂದು ಹಿಗ್ಗಿದರು. ಕಳ್ಳರು ಬೆರಳಚ್ಚುಗಳ ನಕಲು ತಯಾರಿಸಿದಾಗ ತಪ್ಪು ತಿಳಿಯಿತು. ಕಾರ್ಡು ಕಳುವಾದರೆ ಬ್ಯಾಂಕು ಬೇರೊಂದು ಕಾರ್ಡು ಕೊಡುತ್ತಿತ್ತು. ಬೆರಳು ಕಳುವಾದರೆ ಬೇರೊಂದು ಬೆರಳನ್ನು ಕೊಡುವ ಬ್ಯಾಂಕು ಎಲ್ಲಿಯೂ ಇರಲಿಲ್ಲ. ಕಳೆದುಕೊಳ್ಳಲು ಬರುವಂಥ ವಸ್ತುವೇ ಕ್ಷೇಮವೆಂದು ನಮ್ಮ ಅಜ್ಜಿಯರ ಕಾಲದಲ್ಲಿ ಕಾನೂನಾಯಿತು. ಅಂದಿನಿಂದ ಪ್ರತಿಯೊಬ್ಬರ ಬಳಿಯೂ ಒಂದು ಬಿಲ್ಲೆ ಇರುತ್ತದೆ. ನಿಮ್ಮ ರೂಪಾಯಿ ನಾಣ್ಯದಷ್ಟೇ ಅಗಲ, ತುಸು ದಪ್ಪ, ಒಂದು ಬದಿಯಲ್ಲಿ ಒಡೆಯರ ಹೆಸರು. ಮನೆಯ ಕೀಲಿಗಳೊಂದಿಗೆ ಸಣ್ಣ ಸಂಚಿಯಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೇವೆ. ನಡೆದಾಗ ಕಿಣಿಕಿಣಿ ಸದ್ದಾಗುತ್ತದೆ. ಹಣ ಕೊಡಬೇಕಾದಾಗ ಬಿಲ್ಲೆಯನ್ನು ತುಟಿಯ ಹತ್ತಿರ ಹಿಡಿದು ಒಳಮಾತನ್ನು ಪಿಸುಗುಟ್ಟಬೇಕು. ಒಳಮಾತೆಂದರೆ ಒಡೆಯರಿಗೆ ಮಾತ್ರ ಗೊತ್ತಿರುವ ಒಂದು ವಾಕ್ಯ. ಧ್ವನಿ ಯಾರದೆಂದು ಬಿಲ್ಲೆ ನೋಡುವುದಿಲ್ಲ, ಏಕೆಂದರೆ ಧ್ವನಿಯೂ ಮೈಗೆ ಸೇರಿದ್ದು. ವಾಕ್ಯ ಸರಿಯಾಗಿದ್ದರೆ ಸಾಕು.

ಬಿಲ್ಲೆ ಕಳೆದರೆ ಕೂಗು ಹಾಕಬೇಕು. ಪ್ರತಿ ಓಣಿಯ ತುದಿಗೂ ಒಂದು ಕೂಗುಕಟ್ಟೆ ಇದೆ: ಮೊಣಕಾಲೆತ್ತರದ ಕಲ್ಲಿನ ಕಟ್ಟೆ, ಅದರ ನಡುವೆ ಕಂಬ, ಕಂಬದಲ್ಲಿ ನಮ್ಮೆಲ್ಲರ ಹಣವಿರುವ ಖಜಾನೆಯ ಕಿವಿ. ಕಳೆದುಕೊಂಡವರು ಅಲ್ಲಿ ನಿಂತು ತಮ್ಮ ಹೆಸರನ್ನೂ ನಷ್ಟವನ್ನೂ ಗಟ್ಟಿಯಾಗಿ ಹೇಳಬೇಕು. ಪರಿಚಯದ ಇಬ್ಬರು ಪಕ್ಕದಲ್ಲಿದ್ದು ಹೌದು, ಇವರೇ ಎನ್ನಬೇಕು. ಮನೆಯಲ್ಲಿ ಕುಳಿತು ಗುಟ್ಟಾಗಿ ತಿಳಿಸುವ ಅನುಕೂಲ ಹಿಂದೆ ಇತ್ತಂತೆ. ಯಂತ್ರಗಳು ಬೇರೆಯವರ ಧ್ವನಿಯನ್ನು ಅನುಕರಿಸಿ ಸುಳ್ಳು ಕೂಗು ಹಾಕತೊಡಗಿದ ಮೇಲೆ ಅದನ್ನು ನಿಲ್ಲಿಸಿದರು. ಕೂಗಿನ ಕ್ಷಣದವರೆಗಿನ ನಷ್ಟ ಒಡೆಯರದು, ಅನಂತರದ್ದು ಖಜಾನೆಯದು. ನಾಲ್ಕನೆಯ ತರಗತಿಯಲ್ಲಿ ಇದೇ ಒಂದು ಪಾಠ. ಮೊದಲು ಕೂಗು, ಆಮೇಲೆ ಹುಡುಕು. ಕಳೆದುಕೊಂಡವರನ್ನು ಹೇಗೆ ಕಳೆಯಿತೆಂದು ಕೇಳಬೇಡ. ಮೂವತ್ತನಾಲ್ಕು ವರ್ಷ ಈ ಪಾಠ ಹೇಳಿ, ಪ್ರಶ್ನೆ ತೆಗೆದು, ಅರ್ಧ ಅಂಕವನ್ನೂ ಬಿಡದೆ ಕಳೆದವಳು ನಾನು. ಆದರೆ ತರಗತಿಯಲ್ಲಿ ಅಳತೆಪಟ್ಟಿಯನ್ನೋ ಪೆನ್ಸಿಲನ್ನೋ ಕಳೆದುಕೊಂಡ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ, ಹೇಗೆ ಕಳೆಯಿತೆಂದು ಕೇಳುತ್ತಲೂ ಇದ್ದೆ.

ನನ್ನ ತಂಗಿ ಮಹಾನಂದಾ, ಮನೆಯಲ್ಲಿ ನಂದಾ, ನನಗಿಂತ ಆರು ವರ್ಷ ಚಿಕ್ಕವಳು; ನಾವಿಬ್ಬರೇ ಒಂದು ಮನೆಯಲ್ಲಿದ್ದೇವೆ. ಹೋದ ವರ್ಷದ ಹಿಂದಿನ ವರ್ಷ ಅವಳ ಎರಡೂ ಕಣ್ಣುಗಳ ಬೆಳಕು ಇಳಿಯುತ್ತ ಬಂದು, ನೆರಳುಗಳಷ್ಟೇ ಉಳಿದವು. ಹುಬ್ಬಳ್ಳಿಯ ಒಂದು ಕಣ್ಣಾಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಸರದಿ ಸಿಕ್ಕಿತು. ಸೋಮವಾರ ಬೆಳಿಗ್ಗೆ ಪೂರ್ತಿ ಹಣ ಕೊಟ್ಟು ಒಳಗೆ ಹೋಗಬೇಕು. ತಪ್ಪಿದರೆ ಮುಂದಿನ ಸರದಿ ಹದಿನಾಲ್ಕು ತಿಂಗಳ ಮೇಲೆ. ಕೊನೆಯ ಗಳಿಗೆಯ ಗಡಿಬಿಡಿ ನನಗೆ ಸೇರುವುದಿಲ್ಲ. ಆದ್ದರಿಂದ ಶುಕ್ರವಾರವೇ ಆ ಹಣವನ್ನೆಲ್ಲ ಖಜಾನೆಯಿಂದ ಬಿಲ್ಲೆಗೆ ಇಳಿಸಿಕೊಂಡೆ. ಮೂರು ದಿನ ಮೊದಲೇ ಅಷ್ಟನ್ನೂ ಸೊಂಟದಲ್ಲಿ ಹೊತ್ತು ತಿರುಗಿದ್ದು ನನ್ನ ಮೊದಲ ತಪ್ಪು.

ಶನಿವಾರ ಹನ್ನೊಂದು ಗಂಟೆಗೆ ಮಾರುಕಟ್ಟೆಯಲ್ಲಿ ಮೆಂತ್ಯದ ಸೊಪ್ಪನ್ನೂ ನಂದಾಳಿಗೆ ಇಷ್ಟವಾದ ಹಕ್ಕರಕಿ ಸೊಪ್ಪನ್ನೂ ಕೊಂಡೆ. ಹನ್ನೊಂದೂವರೆಗೆ, ನಮ್ಮ ಓಣಿಯ ಕೂಗುಕಟ್ಟೆಯ ಎದುರಿನಲ್ಲಿಯೇ, ಸೊಂಟಕ್ಕೆ ಕೈ ಹೋಯಿತು. ಸಂಚಿ ಇರಲಿಲ್ಲ. ಕಟ್ಟೆಯ ಮಗ್ಗುಲಲ್ಲಿ ಗಾದಿ ಹೊಲಿಯುವ ದಾವಲಸಾಬ ನದಾಫ ಅರಳೆ ಬಿಡಿಸುತ್ತ ಕುಳಿತಿದ್ದ. ಒಂಬತ್ತು ವರ್ಷದವನಿದ್ದಾಗ ಅಳತೆಪಟ್ಟಿ ಕಳೆದುಕೊಂಡದ್ದಕ್ಕೆ ಇಡೀ ಮಧ್ಯಾಹ್ನ ನಾನು ಬೆಂಚಿನ ಮೇಲೆ ನಿಲ್ಲಿಸಿದ್ದ ಹುಡುಗ; ಈಗ ಐವತ್ತೆರಡರ ಗಂಡಸು. ಅವನು ನಮಸ್ಕಾರ ಮಾಡಿದ. ನಾನೂ ನಮಸ್ಕಾರ ಮಾಡಿ, ಕಟ್ಟೆಯನ್ನು ದಾಟಿ, ಮಾರುಕಟ್ಟೆಗೆ ಹಿಂದಿರುಗಿದೆ. ಒಂದು ವಾಕ್ಯ ಹೇಳಿದ್ದರೆ ಆಗುತ್ತಿತ್ತು. ಅದನ್ನು ಅವನ ಎದುರು ಹೇಳಲು ನನಗೆ ಮನಸ್ಸು ಬರಲಿಲ್ಲ.

ಹುಡುಕಾಟವನ್ನೂ ಹುಡುಕಾಟವೆಂದು ತೋರದಂತೆ ನಡೆಸಿದೆ. ಬಟ್ಟೆ ಅಂಗಡಿಯಲ್ಲಿ ಬೇಡದ ಸೀರೆಗಳನ್ನು ಬಿಡಿಸಿ ನೋಡುತ್ತ ನೆಲವನ್ನು ಗಮನಿಸಿದೆ. ಕಾಯಿಪಲ್ಲೆ ಮಾರುವ ಹೆಣ್ಣುಮಗಳ ಬುಟ್ಟಿಗಳ ನಡುವೆ ಕಣ್ಣಾಡಿಸುತ್ತ ಬದನೆಕಾಯಿಯ ದರವನ್ನು ಮೂರು ಸಲ ಕೇಳಿದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಅಕ್ಕಾರ, ನಿಂತ ನಿಲುವಿನ್ಯಾಗ ಬದನಿಕಾಯಿ ರೇಟು ಇಳಿಯೂದಿಲ್ರಿ,” ಎಂದಳು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕಾರು ಎನ್ನುತ್ತಾರೆ. ಒಂದು ಗಂಟೆಗೆ ಸಂಚಿ ಸಿಗದೆ ಮನೆಗೆ ಬಂದೆ. ಬಾಗಿಲನ್ನು ತೆರೆದ ನಂದಾ, ಹೋಗುವಾಗ ಸಪ್ಪಳವಿತ್ತು, ಈಗ ಇಲ್ಲವಲ್ಲ ಎಂದಳು. ಸಂಚಿಯ ಹೊಲಿಗೆ ಬಿಚ್ಚಿತ್ತು, ಹೊಲಿಯಲು ಕೊಟ್ಟು ಬಂದೆ ಎಂದೆ. ಕಣ್ಣು ಕಾಣದ ತಂಗಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ಊಟದ ನಂತರ ಹಾಸಿಗೆ, ಹಿಟ್ಟಿನ ಡಬ್ಬಿ, ಚಪ್ಪಲಿಯ ಗೂಡು, ಆ ದಿನ ಕಾಲೇ ಇಡದಿದ್ದ ಕೋಣೆಯ ಮೂಲೆ, ಎಲ್ಲವನ್ನೂ ತಡಕಾಡಿದೆ. ಅವಳು ಗೋಡೆಗೆ ಒರಗಿ ಜೋಳ ಹಸನು ಮಾಡುತ್ತ ನನ್ನ ಓಡಾಟವನ್ನೆಲ್ಲ ಕೇಳುತ್ತಿದ್ದಳು. ನಾಲ್ಕು ಗಂಟೆಯ ಹೊತ್ತಿಗೆ ಮೊರವನ್ನು ಬದಿಗಿಟ್ಟು, ಕೋಲು ಹಿಡಿದು ಎದ್ದಳು.

“ಹೊಲಿಯೋರು ಯಾರು ಅಂತ ನಾ ಕೇಳೂದಿಲ್ಲ. ಕೂಗುಕಟ್ಟಿಗೆ ನಡಿ.”

ಇಬ್ಬರೂ ಹೋದೆವು. ಒಬ್ಬ ಸಾಕ್ಷಿ ನಂದಾ; ಇನ್ನೊಬ್ಬನಾಗಿ ದಾವಲಸಾಬ ಕೈಯ ಅರಳೆಯನ್ನು ಕೊಡವಿ ಎದ್ದು ಬಂದ. ನಾನು ಕಂಬದ ಬಳಿ ಬಾಗಿ ಹೆಸರನ್ನೂ ವಿಷಯವನ್ನೂ ಹೇಳಿದೆ. ಕಿವಿ ಸುಮ್ಮನಿತ್ತು. ಇನ್ನೊಮ್ಮೆ ಹೇಳಿದೆ. ದಾವಲಸಾಬ ನೆಲ ನೋಡುತ್ತ, ಬಹಳ ಮರ್ಯಾದೆಯಿಂದ, “ಹಿಂದಿನ ಬೆಂಚಿಗೆ ಕೇಳ್ಸವಲ್ದು, ಅಕ್ಕಾರ. ಜೋರಾಗಿ ಹೇಳ್ರಿ,” ಎಂದ. ಅದು ನನ್ನದೇ ಮಾತು. ಅವನ ವಯಸ್ಸಿನ ಪ್ರತಿಯೊಬ್ಬರಿಗೂ ನಾನು ದಿನಕ್ಕೆ ಹತ್ತು ಸಲ ಹೇಳಿದ ಮಾತು. ನೆಟ್ಟಗೆ ನಿಂತು ಜೋರಾಗಿ ಹೇಳಿದೆ. ಆಗ ಗಂಟೆ ನಾಲ್ಕು ಇಪ್ಪತ್ತು. ಕಿವಿ ಕೂಗನ್ನು ಸ್ವೀಕರಿಸಿ ಲೆಕ್ಕ ಒಪ್ಪಿಸಿತು. ಮೂರು ನಲವತ್ತಕ್ಕೆ, ಎಂದರೆ ಕೂಗಿಗೆ ನಲವತ್ತು ನಿಮಿಷ ಮೊದಲು, ಊರಾಚೆಯ ಒಂದು ಚಿನ್ನದ ಅಂಗಡಿಯಲ್ಲಿ, ಬಿಲ್ಲೆಯ ಹಣವೆಲ್ಲ ಖರ್ಚಾಗಿತ್ತು. ಒಳಮಾತು ಮೊದಲ ಪ್ರಯತ್ನದಲ್ಲೇ ಸರಿಯಾಗಿತ್ತು.

ಹಳೆಯ ಒಳಮಾತನ್ನು ರದ್ದುಪಡಿಸಲು ಅದನ್ನು ಕಟ್ಟೆಯ ಮೇಲೆ ಗಟ್ಟಿಯಾಗಿ ಉಚ್ಚರಿಸಬೇಕು. ಉಚ್ಚರಿಸಿದೆ: “ಬೆನ್ನು ನೇರ, ಕಣ್ಣು ಪುಸ್ತಕದ ಮೇಲೆ.” ದಾವಲಸಾಬನ ಬೆನ್ನು ತಟ್ಟನೆ ನೇರವಾಯಿತು. ಎದುರಿನ ಬಳೆಯಂಗಡಿಯ ಹೆಣ್ಣುಮಗಳೂ ನೆಟ್ಟಗಾಗಿ ಕುಳಿತಳು. ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಒಬ್ಬ ನಿಂತು ತಿರುಗಿ ನೋಡಿದ. ಮೂವರೂ ನನ್ನ ವಿದ್ಯಾರ್ಥಿಗಳು. ಮೂವತ್ತನಾಲ್ಕು ವರ್ಷ ಪ್ರತಿ ಬೆಳಿಗ್ಗೆ ಹಾಜರಿಗೆ ಮುನ್ನ ನಾನು ಹೇಳುತ್ತಿದ್ದ, ಮಕ್ಕಳೆಲ್ಲ ಒಕ್ಕೊರಲಿನಿಂದ ಹೇಳುತ್ತಿದ್ದ ವಾಕ್ಯ ಅದು. ಮರೆಯಲಾರೆನೆಂದು ಅದನ್ನೇ ಆರಿಸಿಕೊಂಡಿದ್ದೆ. ಬಿಲ್ಲೆಯ ಮೇಲೆ ನನ್ನ ಹೆಸರಿತ್ತು. ಈ ಊರಿನಲ್ಲಿ ಆ ಹೆಸರನ್ನು ಓದಿ ಆ ವಾಕ್ಯವನ್ನು ನೆನೆಯದವರು ಯಾರು? ನಂದಾ ನನ್ನ ಮೊಣಕೈಯನ್ನು ಹುಡುಕಿ ಹಿಡಿದು, “ಒಳಮಾತು ಅಂದ್ರ ಒಳಗಿರಬೇಕಿತ್ತು, ಅಕ್ಕಾ. ನೀ ಅದನ್ನ ಊರಿಗೆಲ್ಲಾ ಕಂಠಪಾಠ ಮಾಡಿಸಿಬಿಟ್ಟಿ,” ಎಂದಳು.

ನಿಮ್ಮ ಚೀಟಿಯನ್ನು ಮಡಿಸಿ ಇಟ್ಟವರು ನೀವೊಬ್ಬರೇ. ಅದನ್ನು ನೋಡಲು ಪರ್ಸು ಬಿಚ್ಚಬೇಕಿತ್ತು. ನನ್ನದನ್ನು ನಾನು ಸಾವಿರದ ಆರುನೂರು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. ಹತ್ತಕ್ಕೆ ಸೊನ್ನೆ ಯಾರಿಗೆಂಬುದನ್ನು ನೀವೇ ತೀರ್ಮಾನಿಸಿ.

ಆ ಹಣ ತಿರುಗಿ ಬರಲಿಲ್ಲ. ಒಯ್ದವರು ಯಾರೆಂದೂ ತಿಳಿಯಲಿಲ್ಲ. ನನ್ನ ತರಗತಿಯಲ್ಲಿ ಕುಳಿತವರು ಎಂಬುದಷ್ಟೇ ಖಚಿತ. ಸೋಮವಾರದ ಸರದಿ ಬೇರೆಯವರಿಗೆ ಹೋಯಿತು. ಹದಿನಾಲ್ಕು ತಿಂಗಳು ಕಾದೆವು. ಎಂಟನೆಯ ತಿಂಗಳಲ್ಲಿ ನಂದಾಳ ಬಲಗಣ್ಣು ಪೂರ್ತಿ ಆರಿತು. ಎಡಗಣ್ಣನ್ನು ವೈದ್ಯರು ಉಳಿಸಿಕೊಟ್ಟರು. ಆ ಶನಿವಾರದ ಬಗ್ಗೆ ಅವಳು ಇಂದಿಗೂ ಒಂದು ಪ್ರಶ್ನೆಯನ್ನೂ ಕೇಳಿಲ್ಲ. ನಾನು ಈಗ ಪ್ರತಿ ಶನಿವಾರ ಹನ್ನೊಂದರಿಂದ ಐದರವರೆಗೆ ಕೂಗುಕಟ್ಟೆಯ ಮೇಲೆ ಕುಳಿತಿರುತ್ತೇನೆ. ಈ ಊರಿನ ಅರ್ಧ ಜನರ ಮುಖ ನನಗೆ ಗೊತ್ತಿರುವುದರಿಂದ ಸಾಕ್ಷಿ ಹೇಳಲು ಅನುಕೂಲ. ಕಟ್ಟೆಯನ್ನು ಕಂಡೂ ಕಾಣದಂತೆ ದಾಟುವವರನ್ನು, ಸೊಂಟವನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುವವರನ್ನು ದೂರದಿಂದಲೇ ಗುರುತಿಸುತ್ತೇನೆ. ಹತ್ತಿರ ಕರೆದು, ಮೊದಲು ಕೂಗಿ ಎನ್ನುತ್ತೇನೆ. ಅವರಿಗೆ ಕೂರಲು ದಾವಲಸಾಬ ಗಾದಿಯ ತುಂಡೊಂದನ್ನು ಹಾಸುತ್ತಾನೆ.

ನಿಮ್ಮಲ್ಲಿ ಕೂಗುಕಟ್ಟೆಗಳಿಲ್ಲ, ಬ್ಯಾಂಕಿಗೆ ಫೋನು ಮಾಡಿದರೆ ಕಾರ್ಡು ನಿಲ್ಲುತ್ತಿತ್ತೆಂದು ಓದಿದ್ದೇನೆ. ಅಷ್ಟು ಸುಲಭದ ಏರ್ಪಾಟು ನಮಗಿಲ್ಲ, ಅದನ್ನು ಬಳಸಿಕೊಳ್ಳಿ. ಆ ಫೋನಿನ ಸಂಖ್ಯೆಯನ್ನು ಪರ್ಸಿನಲ್ಲಿಡದೆ ಮನೆಯ ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ, ಏಕೆಂದರೆ ಪರ್ಸಿನಲ್ಲಿದ್ದರೆ ಅದೂ ಪರ್ಸಿನೊಂದಿಗೇ ಹೋಗುತ್ತದೆ. ಎರಡು ಕಾರ್ಡುಗಳನ್ನೂ ಒಟ್ಟಿಗೆ ಒಯ್ಯಬೇಡಿ. ಚೀಟಿಯನ್ನು ಸುಟ್ಟುಬಿಡಿ, ಮತ್ತು ಊರಿಗೆ ಗೊತ್ತಿರುವ ಹುಟ್ಟಿದ ದಿನವನ್ನು ಅಂಕಿಯಾಗಿ ಇಟ್ಟುಕೊಳ್ಳಬೇಡಿ. ಕಳೆದ ಕೂಡಲೇ ಹೇಳಿ. ಹೇಳಿದ ಮೇಲೆ ಸಿಕ್ಕರೆ ಒಂದು ಕಾರ್ಡು ವ್ಯರ್ಥವಾದೀತು, ಅಷ್ಟೆ. ಫೋನು ಎತ್ತುವವರ ಮುಂದೆ ನಾಚಿಕೆ ಎನಿಸಿದರೆ ನನ್ನನ್ನು ನೆನೆಯಿರಿ.

ಲಕೋಟೆಗೆ ಹಾಕುವ ಮುನ್ನ ಈ ಕಾಗದವನ್ನು ನಂದಾಳಿಗೆ ಕೊಟ್ಟೆ. ತಿದ್ದುವ ಕೆಲಸ ಎಂದೂ ನನ್ನದೇ. ಈ ಸಲ ಅವಳಿಗೆ ಬಿಟ್ಟೆ. ಹಾಳೆಯನ್ನು ಎಡಗಣ್ಣಿನ ಹತ್ತಿರ ಹಿಡಿದು, ಮೂಗು ತಾಗುವಷ್ಟು ಸನಿಹದಿಂದ, ಬಹಳ ಹೊತ್ತು ಓದಿದಳು. ಕಾಗದದ ತಲೆಗೆ ನಾನು ಬರೆದ ಎರಡು ಪದಗಳ ಮೇಲೆ ಬೆರಳಿಟ್ಟಳು.

“ನಲವತ್ತು ನಿಮಿಷ ಅಂತ ಬರ್ದೀದಿ. ಅದು ತಪ್ಪು ಲೆಕ್ಕ. ಹನ್ನೊಂದೂವರಿಯಿಂದ ಎಣಸು.”

ಎಣಿಸಿದೆ. ನಾಲ್ಕು ಗಂಟೆ ಐವತ್ತು ನಿಮಿಷ. ಅವಳ ತಿದ್ದುಪಡಿ ಸರಿಯಾಗಿದೆ. ನನ್ನ ತಪ್ಪನ್ನು ಅಳಿಸದೆ ಹಾಗೆಯೇ ಬಿಟ್ಟಿದ್ದೇನೆ. ಕಳ್ಳನ ಗಡಿಯಾರದಿಂದ ಎಣಿಸಿದರೆ ನಮ್ಮ ತಪ್ಪು ಎಷ್ಟು ಚಿಕ್ಕದಾಗಿ ಕಾಣುತ್ತದೆಂಬುದು ನಿಮಗೆ ತಿಳಿಯಲಿ.

ಪರ್ಸು ಹೇಗೆ ಬಿತ್ತೆಂದು ನಾನು ಕೇಳುವುದಿಲ್ಲ. ಅದು ನಿಲ್ದಾಣದ ಬೆಂಚಿನ ಹಿಂದೆಯೇ ಇತ್ತು, ಯಾರ ಕೈಗೂ ಸಿಗಲಿಲ್ಲ. ಆ ಮಟ್ಟಿಗೆ ನೀವು ಅದೃಷ್ಟವಂತರು. ಅದು ನಿಮಗೆ ಆಗ ಗೊತ್ತಿರಲಿಲ್ಲ. ಆ ದಿನ ಎಷ್ಟು ಗಂಟೆಗೆ ಫೋನು ಮಾಡಿದಿರಿ ಎಂಬುದನ್ನಷ್ಟೇ ತಿಳಿಯುವ ಆಸೆ ನನಗಿದೆ. ಉತ್ತರ ಬರುವ ದಾರಿಯಿಲ್ಲ. ನಾನು ಕೂಗಬೇಕಿದ್ದ ಹೊತ್ತಿಗೆ, ಹನ್ನೆರಡರ ಒಳಗೆ ಎಂದು ನಾನೇ ಬರೆದುಕೊಳ್ಳುತ್ತೇನೆ.

ನಿಮ್ಮ,
ನೀಲಗಂಗಾ ಹೊಂಬಳ