ಫೋನು ಇಟ್ಟ ಮೇಲೆ

ಎಣ್ಮಕಜೆ
೧೪ ನವೆಂಬರ್ ೨೦೨೫, ಶುಕ್ರವಾರ

ಮಗಳು ರಶ್ಮಿತಾಳಿಗೆ ಅಮ್ಮನ ಆಶೀರ್ವಾದ.

ದಿನಾ ಫೋನಿನಲ್ಲಿ ಕಾಣುವ ಅಮ್ಮ ಕಾಗದ ಬರೆದಳೆಂದು ಗಾಬರಿಯಾಗಬೇಡ. ಎಲ್ಲರೂ ಸೌಖ್ಯ. ಕೆಳಗಿನ ಮನೆಯ ವಿಜೇತ್ ಭಾನುವಾರ ಮಸ್ಕತ್ತಿಗೆ ಹಿಂತಿರುಗುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ತಮ್ಮ ಪಕ್ಕದಲ್ಲೇ ಕೂತಿರುತ್ತಾನೆ. ಮಾತು ಬಾರದವನಾದರೂ ಅವನ ವಿಷಯವನ್ನು ಅವನೆದುರೇ ಆಡಬಾರದೆಂದು ನನಗೆ ಈಗ ತಿಳಿದಿದೆ.

ಅಶ್ವಿತ್ ಗೋಡೆಗೆ ತಲೆ ಬಡಿದುಕೊಳ್ಳಲು ಶುರುಮಾಡಿ ಎರಡು ವರ್ಷ ಕಳೆಯಿತು. ಅವನು ಹುಟ್ಟಿದ ಕಾಲದಲ್ಲಿ ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಮದ್ದು ಹೊಡೆಯುತ್ತಿದ್ದರಲ್ಲ, ಹಾಗಾಗಿ ಅವನು ಏನು ಮಾಡಿದರೂ ಊರವರ ಬಳಿ ಒಂದೇ ಉತ್ತರ: ಆ ಮದ್ದಿನ ವಿಷ. ಅಪ್ಪನಿಗೆ ಅದು ಹಟ. ಡಾಕ್ಟರು ಎರಡು ಸಲ ಗುಳಿಗೆ ಹೆಚ್ಚಿಸಿದರು. ಅವನು ಅನ್ನದ ಬಟ್ಟಲ ಮುಂದೆ ತೂಕಡಿಸತೊಡಗಿದ, ಬಡಿದುಕೊಳ್ಳುವುದು ನಿಲ್ಲಲಿಲ್ಲ. ಇಪ್ಪತ್ತಾರರ ಗಂಡಸನ್ನು ಹಿಡಿದು ನಿಲ್ಲಿಸಲು ನನ್ನಿಂದಾಗದೆಂದೇ ನೀನೂ ಅಪ್ಪನೂ ಅವನನ್ನು ಆಶ್ರಮಕ್ಕೆ ಸೇರಿಸುವ ಅರ್ಜಿ ತುಂಬಿಸಿದ್ದು. ನಾನು ಬೇಡವೆನ್ನಲಿಲ್ಲ.

ಸೆಪ್ಟೆಂಬರಿನಲ್ಲಿ ಅವನು ಹಗಲು ಹೋಗುವ ವಿಶೇಷ ಶಾಲೆಗೆ ಚಿತ್ರಾ ಟೀಚರ್ ಎಂಬವರು ಬಂದರು. ಮೊದಲು ಕಿವಿ, ಹಲ್ಲು ತೋರಿಸಿಕೊಂಡು ಬರಲು ಹೇಳಿದರು. ನೋವೇನೂ ಇರಲಿಲ್ಲ. ಬಳಿಕ ಮೂರು ಕಾಲಮಿನ ಹಾಳೆ ಕೊಟ್ಟರು: ಮೊದಲು ಏನಾಯಿತು, ಅವನು ಏನು ಮಾಡಿದ, ಆಮೇಲೆ ನಾವೇನು ಮಾಡಿದೆವು. ಇಪ್ಪತ್ತೆಂಟು ವರ್ಷ ಅಂಗನವಾಡಿಯ ರಿಜಿಸ್ಟರ್ ಬರೆದವಳಿಗೆ ಅದು ಕಷ್ಟವಾಗಲಿಲ್ಲ. ಮೂರು ವಾರ ಬರೆದೆ.

ಟೀಚರ್ ಹಾಳೆಗಳನ್ನು ನೋಡಿ, "ಬೆಳಿಗ್ಗೆ ಒಂದೂ ಇಲ್ಲ. ಶಾಲೆಯಲ್ಲೂ ಇಲ್ಲ. ಎಲ್ಲ ಸಂಜೆ ಏಳರ ಮೇಲೆಯೇ ಉಂಟು. ಆಗ ಮನೇಲಿ ಎಂತ ಆಗ್ತದೆ?" ಎಂದು ಕೇಳಿದರು.

"ಎಂತದೂ ಇಲ್ಲ. ಮಗಳ ಫೋನ್ ಬರ್ತದೆ," ಎಂದೆ.

ಆ ಭಾನುವಾರ ಸಂಜೆ ಅವರು ನಮ್ಮಲ್ಲಿಗೆ ಬಂದು ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕೂತರು. ನೀನು ಫೋನ್ ಮಾಡಿದೆ, ಡ್ಯೂಟಿಗೆ ಹೊತ್ತಾಯಿತೆಂದು ಇಟ್ಟೆ. ಅವನು ಕಪ್ಪಾದ ಪರದೆಯನ್ನು ನೋಡಿದ, ನನ್ನನ್ನು ನೋಡಿದ, ಎದ್ದು ಹೋಗಿ ಗೋಡೆಗೆ ಮೂರು ಸಲ ಬಡಿದುಕೊಂಡ. ನಾನು ಎಂದಿನಂತೆ ನಿನಗೆ ತಿರುಗಿ ಫೋನ್ ಮಾಡಲು ಹೊರಟೆ. ರಿಂಗ್ ಆಗುವ ಮೊದಲೇ ಅವನು ಬಂದು ಚಾಪೆಯಲ್ಲಿ ಕೂತಿದ್ದ.

"ಇದು ಹಟ ಅಲ್ಲ ಅಮ್ಮ. ಅಕ್ಕನನ್ನು ಇನ್ನೊಮ್ಮೆ ಕರೀರಿ ಅಂತ ಹೇಳ್ತಾ ಇದ್ದಾನೆ. ತಲೆ ಬಡಿದ್ರೆ ನೀವು ಕರೀತೀರಿ ಅಂತ ಅವನಿಗೆ ಗೊತ್ತುಂಟು," ಎಂದರು ಟೀಚರ್.

ಅಪ್ಪ ಬಾಗಿಲಲ್ಲೇ ನಿಂತಿದ್ದರು. "ಎರಡು ವರ್ಷ ಗುಳಿಗೆ ತಿನ್ನಿಸಿದ್ದು ಇದಕ್ಕಾ ಮಾರಾಯ್ತಿ?" ಎಂದು ನನ್ನನ್ನು ಕೇಳಿ ಅಂಗಳಕ್ಕೆ ಇಳಿದರು. ಬಹಳ ಹೊತ್ತು ಒಳಗೆ ಬರಲಿಲ್ಲ.

ಈಗ ನಿನ್ನ ಫೋಟೋ ಅಂಟಿಸಿದ ಒಂದು ಕಾರ್ಡ್ ಅವನ ಕೈಗೆಟುಕುವಲ್ಲಿ ತೂಗಾಡುತ್ತದೆ. ಅದನ್ನು ತಂದುಕೊಟ್ಟರೆ ಕೂಡಲೇ ನಿನಗೆ ಫೋನ್ ಮಾಡಬೇಕು. ಬಡಿದುಕೊಂಡರೆ ದಿಂಬು ಅಡ್ಡ ಹಿಡಿಯಬೇಕು, ಫೋನ್ ಮುಟ್ಟಬಾರದು. ಮೊದಲ ದಿನ ಹನ್ನೊಂದು ಸಲ ಬಡಿದುಕೊಂಡ. ಅಪ್ಪನೇ ದಿಂಬು ಹಿಡಿದು ನಿಂತರು. ಐದನೆಯ ದಿನ ಅವನು ಕಾರ್ಡ್ ತಂದು ನನ್ನ ಮಡಿಲಿಗೆ ಹಾಕಿದ. ಆ ದಿನ, ಈಗಷ್ಟೇ ಮಾತಾಡಿದ್ದಲ್ವಾ ಎಂದು ನೀನು ಸಿಡುಕಿದ್ದೆ. ಅವನು ಬಡಿದುಕೊಳ್ಳದೆ ಕೇಳಿದ್ದೆಂದು ನಿನಗೆ ಗೊತ್ತಿರಲಿಲ್ಲ. ಈ ಹದಿನೈದು ದಿನಗಳಲ್ಲಿ ಬಡಿದುಕೊಂಡದ್ದು ಎರಡೇ ಸಲ. ಗುಳಿಗೆ ಇಳಿಸುವ ಬಗ್ಗೆ ಡಾಕ್ಟರು ಮುಂದಿನ ವಾರ ಹೇಳುತ್ತಾರೆ.

ಇನ್ನು ಮುಂದೆ ಇದ್ದಕ್ಕಿದ್ದಂತೆ ಫೋನ್ ಇಡಬೇಡ, ಅವನಿಗೆ ಕೈಬೀಸಿ ಇಡು. ಮತ್ತೆ ಕರೆದರೆ ಒಂದು ನಿಮಿಷ ಮುಖ ತೋರಿಸು. ಕಾಯುವುದನ್ನು ಟೀಚರ್ ಮೆಲ್ಲನೆ ಕಲಿಸುತ್ತಾರಂತೆ. ಆಶ್ರಮದ ಅರ್ಜಿಯನ್ನು ಅಪ್ಪ ನಿನ್ನೆ ಹೋಗಿ ಹಿಂದಕ್ಕೆ ತಂದರು. ನಿನ್ನನ್ನು ಕೇಳದೆ ಮಾಡಿದ್ದಕ್ಕೆ ಬೇಸರಿಸಬೇಡ.

ಇತಿ,
ನಿನ್ನ ಅಮ್ಮ
ಅಕ್ಕು

ವಿ. ಸೂ.: ಎಷ್ಟೋ ಸಂಜೆ ಅವನು ಬಡಿದುಕೊಂಡಿರಲೇ ಇಲ್ಲ. ಬಡಿದುಕೊಂಡನೆಂದು ಹೇಳಿ ನಿನಗೆ ಎರಡನೇ ಸಲ ಫೋನ್ ಮಾಡಿದ್ದೇನೆ. ನೋಡಬೇಕೆನಿಸಿದ್ದು ನನಗೆ. ಅಪ್ಪನಿಗೆ ಇದು ತಿಳಿಯದು. ನೀನು ಹೆದರಿ ಆ ಅರ್ಜಿ ತುಂಬಿಸಿದ್ದರಲ್ಲಿ ನನ್ನ ಸುಳ್ಳಿನ ಪಾಲೂ ಇದೆ.