ಮತ್ತೆ ಮೊದಲ ಸಾಲಿನಿಂದ

ಗುರುವಾರ, ನವೆಂಬರ್ ೧೪

‘ಗಾಳಿಗೆಂದು ಬಾಗಿಲು ತೆರೆದಿಟ್ಟು...’ ಆಮೇಲೆ? ‘ಕಾದೆ’ ಎಂದಿತ್ತೋ, ‘ಮರೆತೆ’ ಎಂದಿತ್ತೋ? ಎರಡಕ್ಕೂ ಅಜಗಜಾಂತರ. ಅಪ್ಪ ಬರೆದ ಸಾಲು. ಕೇಳೋಣವೆಂದರೆ ಅವರೇ ಇಲ್ಲ.

ಅವರ ದನಿಯಲ್ಲೇ ಮುದ್ರಿಸಿಟ್ಟ ಪದ್ಯಗಳನ್ನು ಅಂಗೈಯಗಲದ ಕಂಪ್ಯೂಟರಿಗೆ ತುಂಬಿ ಕಾರಿನಲ್ಲಿ ಕೂರಿಸುತ್ತಿದ್ದೇನೆ. “ಫೋನಲ್ಲೇ ಕೇಳಬಾರದೇನೇ ಅಕ್ಕ, ಇದೆಂಥಾ ಹುಚ್ಚು?” ಎನ್ನುತ್ತಾನೆ ತಮ್ಮ. ಅಪ್ಪ ಓದುತ್ತಿದ್ದದ್ದು ನಾನು ಕಾರು ಓಡಿಸುವಾಗ, ಪಕ್ಕದ ಸೀಟಿನಲ್ಲಿ ಕೂತು. ಅಲ್ಲೇ ಕೇಳಬೇಕು ನನಗೆ.

ಆದರೆ ಪ್ರತಿಸಲ ಕೀಲಿ ತಿರುವಿದಾಗಲೂ ಕರೆಂಟು ಒಂದು ಕ್ಷಣ ಕುಸಿದು, ಆ ಯಂತ್ರ ಸತ್ತು ಹುಟ್ಟುತ್ತದೆ. ಪದ್ಯ ಮತ್ತೆ ಮೊದಲ ಸಾಲಿನಿಂದ. ನನಗೆ ಬೇಕಾದ ಸಾಲು ಬರುವಷ್ಟರಲ್ಲಿ ಕಾಲೇಜಿನ ಗೇಟು ಬಂದಿರುತ್ತದೆ, ಕೀಲಿ ತೆಗೆದರೆ ಅಪ್ಪನ ದನಿ ಅರ್ಧಕ್ಕೇ ನಿಲ್ಲುತ್ತದೆ.

ಇವತ್ತು ಕಾಲೇಜಿನಿಂದ ಬಂದವಳೇ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಕೀಲಿ ತೆಗೆದರೂ ಓಡಲೆಂದು ಯಂತ್ರವನ್ನು ಕೀಲಿಯ ತಂತಿಯಿಂದ ಕಿತ್ತು ನೇರವಾಗಿ ಬ್ಯಾಟರಿಯ ತಂತಿಗೆ ಜೋಡಿಸಿದೆ. ಕಾದೆ. ಅದು ತುಟಿ ಪಿಟಕ್ಕೆನ್ನಲಿಲ್ಲ. ಕತ್ತು ನೋವು, ಬೆರಳೆಲ್ಲ ಟೇಪಿನ ಅಂಟು. “ಹಾಳಾಗಿ ಹೋಗು” ಎಂದು ಬೈದು ಕಾರಿನ ಬಾಗಿಲು ಬಡಿದು ಒಳಗೆ ಬಂದೆ. ಯಾರಿಗೆ ಬೈದೆ, ಯಂತ್ರಕ್ಕೆ ತಾನೇ?

ಇಷ್ಟು ಬರೆಯುವಾಗ ಯಾರೋ ಕರೆಗಂಟೆ ಒತ್ತಿದರು. ಪಕ್ಕದ ಮನೆಗೆ ಹೊಸದಾಗಿ ಬಂದವಳು, ಕೈಯಲ್ಲಿ ಖಾಲಿ ಕಸದ ಬುಟ್ಟಿ.

“ಅಕ್ಕಾ, ತಪ್ಪು ತಿಳ್ಕೋಬೇಡಿ. ನಿಮ್ಮ ಕಾರಲ್ಲಿ ಯಾರೋ ಹಿರಿಯರು ಕತ್ತಲಲ್ಲಿ ಒಬ್ಬರೇ ಕೂತು ಪದ್ಯ ಓದ್ತಾ ಇದಾರೆ. ಗಾಜೆಲ್ಲ ಮುಚ್ಚಿಬಿಟ್ಟಿದೀರಲ್ಲ, ಉಸಿರು ಕಟ್ಟಲ್ವಾ ಅವರಿಗೆ? ಒಳಗೆ ಕರ್ಕೊಳ್ಳಿ.”